ಬಂಡೀಪುರದ ದಾರಿಯೂ ವೇಗದ ಗಣಿತವೂ

ಸ್ವಂತ ಮೋಟಾರುಗಾಡಿಯನ್ನು ತಾವೇ ನಡೆಸಿಕೊಂಡು ನಾಡನ್ನು ನೋಡಲು ಹೊರಡುವುದು ಈಗ ನಮ್ಮಲ್ಲಿ ಸಾಮಾನ್ಯವಾಗಿದೆ. ಹಿಂದೆ ಬಸ್ಸನ್ನೋ ರೈಲನ್ನೋ ನಂಬಿಕೊಂಡಿದ್ದ ಕುಟುಂಬಗಳು ಇಂದು ರಜೆ ಬಂದೊಡನೆ ಬುತ್ತಿ ಕಟ್ಟಿಕೊಂಡು ತಮ್ಮ ಗಾಡಿಯಲ್ಲಿಯೇ ಹೊರಡುತ್ತವೆ. ಇದರಲ್ಲಿ ಸುಖವಿದೆ; ಬೇಕಾದಲ್ಲಿ ನಿಲ್ಲಬಹುದು, ಬೇಕಾದಾಗ ಹೊರಡಬಹುದು. ಆದರೆ ಈ ಸ್ವಾತಂತ್ರ್ಯದೊಡನೆ ಒಂದು ಹೊಣೆಯೂ ಬರುತ್ತದೆ. ಬಸ್ಸಿನ ವೇಗವನ್ನು ಗೊತ್ತುಮಾಡುವವನು ಅದರ ಚಾಲಕ. ಸ್ವಂತ ಗಾಡಿಯ ವೇಗವನ್ನು ಗೊತ್ತುಮಾಡುವವರು ನಾವೇ. ಕಾಡಿನ ನಡುವೆ ಹಾದುಹೋಗುವ ದಾರಿಯಲ್ಲಿ ಈ ತೀರ್ಮಾನ ಎಷ್ಟು ಗುರುತರವಾದುದೆಂಬುದನ್ನು, ಶಾಲೆಯಲ್ಲಿ ಕಲಿಯುವ ಭೌತಶಾಸ್ತ್ರದ ಸಹಾಯದಿಂದಲೇ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಾಮರಾಜನಗರ ತಾಲ್ಲೂಕಿನ ಹರವೆಯ ಕಡೆಯಿಂದ ಗುಂಡ್ಲುಪೇಟೆಗೆ ಹೊರಟ ಪ್ರಯಾಣಿಕನಿಗೆ ಮೊದಲು ಕಾಣುವುದು ಬಯಲು. ಕೆಮ್ಮಣ್ಣಿನ ಹೊಲಗಳು, ಅರಿಸಿನ ಮತ್ತು ಬಾಳೆಯ ತೋಟಗಳು, ಕಾಲಕ್ಕೆ ತಕ್ಕಂತೆ ಸೂರ್ಯಕಾಂತಿ ಮತ್ತು ಚೆಂಡುಹೂವಿನ ಹಳದಿ ಪಟ್ಟೆಗಳು, ತೆರಕಣಾಂಬಿಯ ಹಳೆಯ ದೇಗುಲಗಳು ಒಂದಾದ ಮೇಲೊಂದು ಬರುತ್ತವೆ. ಗುಂಡ್ಲುಪೇಟೆಯನ್ನು ದಾಟಿದ ಮೇಲೆ ದಾರಿಯು ಎರಡಾಗಿ ಕವಲೊಡೆಯುತ್ತದೆ. 766ನೆಯ ರಾಷ್ಟ್ರೀಯ ಹೆದ್ದಾರಿಯು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೂ, 181ನೆಯದು ಬಂಡೀಪುರ, ಮುದುಮಲೆ, ಗೂಡಲೂರುಗಳ ಮೂಲಕ ಉದಕಮಂಡಲಕ್ಕೂ ಹೋಗುತ್ತವೆ. ಹೆಸರು ಬೇರೆ, ಗುರಿ ಬೇರೆ. ಆದರೆ ಎರಡೂ ಒಂದೇ ಕಾಡನ್ನು ಸೀಳಿಕೊಂಡು ಹೋಗುತ್ತವೆ.

ಈ ಕಾಡಿನ ರಕ್ಷಣೆಗೆ ದೀರ್ಘ ಚರಿತ್ರೆಯಿದೆ. 1931ರಲ್ಲಿ ಮೈಸೂರಿನ ಮಹಾರಾಜರ ಆಳ್ವಿಕೆಯಲ್ಲಿ ಇಲ್ಲಿ 90 ಚದರ ಕಿಲೋಮೀಟರಿನ ಅಭಯಾರಣ್ಯವೊಂದು ಏರ್ಪಟ್ಟಿತು. 1941ರಲ್ಲಿ ಅದು ವಿಸ್ತಾರಗೊಂಡು, ಗೋಪಾಲಸ್ವಾಮಿ ಬೆಟ್ಟದ ದೇವರ ನೆನಪಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂಬ ಹೆಸರನ್ನು ಪಡೆಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಮೊದಲು ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆ, ಮುದುಮಲೆ ಮತ್ತು ವಯನಾಡಿನ ಕಾಡುಗಳು ಇದಕ್ಕೆ ಅಂಟಿಕೊಂಡಿವೆ. ಬೇಸಗೆಯಲ್ಲಿ ಹಳ್ಳಕೊಳ್ಳಗಳು ಬತ್ತಿದಾಗ ಆನೆಗಳು ಹಿಂಡುಹಿಂಡಾಗಿ ಕಬಿನಿಯ ಹಿನ್ನೀರಿನತ್ತ ಸಾಗುತ್ತವೆ. ರಾಜ್ಯಗಳ ಗಡಿಯಾಗಲಿ ಹೆದ್ದಾರಿಯ ಸಂಖ್ಯೆಯಾಗಲಿ ಅವುಗಳಿಗೆ ತಿಳಿಯದು.

ರಾತ್ರಿಯ ವೇಳೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರ ಜೂನ್ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ಈ ಎರಡು ದಾರಿಗಳಲ್ಲಿ ರಾತ್ರಿ ಸಂಚಾರವನ್ನು ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು. ವಿಷಯವು ನ್ಯಾಯಾಲಯಕ್ಕೆ ಹೋಯಿತು. 2010ರ ಮಾರ್ಚ್ ತಿಂಗಳಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ರಾತ್ರಿ 9ರಿಂದ ಬೆಳಗಿನ 6ರವರೆಗಿನ ನಿಷೇಧವನ್ನು ಎತ್ತಿಹಿಡಿಯಿತು. ರೋಗಿಗಳನ್ನು ಸಾಗಿಸುವ ವಾಹನಗಳಿಗೂ ಗೊತ್ತಾದ ಕೆಲವೇ ಬಸ್ಸುಗಳಿಗೂ ವಿನಾಯಿತಿ ಉಂಟು. ಅಲ್ಲಿಂದ ಈಚೆಗೆ ವಾದವಿವಾದ ನಿಂತಿಲ್ಲ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ದೊಡ್ಡ ಪ್ರತಿಭಟನೆಯೇ ನಡೆಯಿತು. ಒಂದು ಪಕ್ಷವು ಕರುಣೆಯ ಮಾತನ್ನಾಡುತ್ತದೆ, ಇನ್ನೊಂದು ಪಕ್ಷವು ಅನುಕೂಲದ ಮಾತನ್ನಾಡುತ್ತದೆ. ಎರಡರ ನಡುವೆ ಚಲನೆಯ ನಿಯಮಗಳು ಏನು ಹೇಳುತ್ತವೆಂಬುದನ್ನು ಕೇಳುವವರು ವಿರಳ.

ಮೊದಲು ಗಾಡಿ ನಿಲ್ಲುವ ಬಗೆಯನ್ನು ನೋಡೋಣ. ದಾರಿಯಲ್ಲಿ ಏನೋ ಕಂಡಿತು. ಕಂಡದ್ದು ಮನಸ್ಸಿಗೆ ಮುಟ್ಟಿ, ಕಾಲು ಬ್ರೇಕನ್ನು ಒತ್ತುವವರೆಗೆ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಗಾಡಿ ಅದೇ ವೇಗದಿಂದ ಓಡುತ್ತಲೇ ಇರುತ್ತದೆ. ಗಂಟೆಗೆ 40 ಕಿಲೋಮೀಟರು ಎಂದರೆ ಸೆಕೆಂಡಿಗೆ ಸುಮಾರು 11 ಮೀಟರು; ಆದುದರಿಂದ ಕಾಲು ಬ್ರೇಕಿಗೆ ತಗಲುವಷ್ಟರಲ್ಲಿ ಗಾಡಿ 17 ಮೀಟರು ಮುಂದೆ ಹೋಗಿರುತ್ತದೆ. ಆಮೇಲೆ ಗಾಲಿ ಮತ್ತು ರಸ್ತೆಗಳ ಘರ್ಷಣೆಯು ಅದನ್ನು ನಿಲ್ಲಿಸಬೇಕು. ಒಣ ರಸ್ತೆಯಲ್ಲಿ ಘರ್ಷಣಾಂಕವನ್ನು 0.7 ಎಂದಿಟ್ಟುಕೊಂಡರೆ ಇದಕ್ಕೆ 9 ಮೀಟರು ಬೇಕಾಗುತ್ತದೆ. ಒಟ್ಟು 26 ಮೀಟರು.

ಈಗ ವೇಗವನ್ನು ಇಮ್ಮಡಿಸಿ 80 ಮಾಡೋಣ. ಒಂದೂವರೆ ಸೆಕೆಂಡಿನಲ್ಲಿ ಓಡುವ ದೂರವೂ ಇಮ್ಮಡಿಯಾಗಿ 33 ಮೀಟರಾಗುತ್ತದೆ. ಆದರೆ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಬ್ರೇಕಿನ ದೂರವು ಇಮ್ಮಡಿಯಲ್ಲ, ನಾಲ್ಮಡಿ. ಅಂದರೆ 36 ಮೀಟರು. ಒಟ್ಟು 69 ಮೀಟರು. ಈ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಸಂಗತಿ ಹೊರಪಡುತ್ತದೆ. ದಾರಿಯಲ್ಲಿ 26 ಮೀಟರು ದೂರದಲ್ಲಿ ಜಿಂಕೆಯೊಂದು ನಿಂತಿದೆಯೆನ್ನಿ. 40ರ ವೇಗದ ಗಾಡಿ ಅದರ ಮುಂದೆ ಬಂದು ನಿಲ್ಲುತ್ತದೆ. 80ರ ವೇಗದ ಗಾಡಿ ಅದೇ ಜಾಗವನ್ನು ತಲುಪುವಾಗ ಚಾಲಕನ ಕಾಲು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ವೇಗ ಎಳ್ಳಷ್ಟೂ ಕುಗ್ಗದೆ ಗಾಡಿ ಜಿಂಕೆಯನ್ನು ಹೊಡೆಯುತ್ತದೆ. ಆ ಹೊಡೆತವು 25 ಮೀಟರು ಎತ್ತರದಿಂದ, ಅಂದರೆ ಎತ್ತರವಾದ ತೆಂಗಿನ ಮರದ ತುದಿಯಿಂದ, ಗಾಡಿ ನೆಲಕ್ಕೆ ಬಿದ್ದಾಗ ಆಗುವ ಹೊಡೆತಕ್ಕೆ ಸಮ. ಅಡ್ಡ ನಿಂತದ್ದು ಜಿಂಕೆಯ ಬದಲು ಮೂರು ನಾಲ್ಕು ಟನ್ನು ತೂಗುವ ಆನೆಯಾದರೆ, ಗಾಡಿಯಲ್ಲಿರುವವರ ಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲಿನ ಲೆಕ್ಕ ಹಗಲಿನದು, ಒಣ ರಸ್ತೆಯದು. ರಾತ್ರಿಯಲ್ಲಿ ಬೆಳಕಿನ ಪ್ರಶ್ನೆಯೂ ಸೇರುತ್ತದೆ. ದೂರ ಇಮ್ಮಡಿಯಾದರೆ ದೀಪದ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಎದುರು ಗಾಡಿ ಬಂದಾಗ ದೀಪವನ್ನು ತಗ್ಗಿಸಬೇಕು. ತಗ್ಗಿಸಿದ ದೀಪದಲ್ಲಿ ಆನೆಯಂಥ ಮಬ್ಬು ಬಣ್ಣದ ದೇಹವು 40ರಿಂದ 60 ಮೀಟರಿಗಿಂತ ದೂರದಲ್ಲಿ ಸ್ಪಷ್ಟವಾಗಿ ಕಾಣುವುದು ಕಷ್ಟ. 80ರ ವೇಗದಲ್ಲಿ ನಿಲ್ಲಲು 69 ಮೀಟರು ಬೇಕು. ಮಳೆ ಬಂದು ಘರ್ಷಣಾಂಕ 0.4ಕ್ಕೆ ಇಳಿದರೆ 96 ಮೀಟರು ಬೇಕು. ಕಾಣುವ ದೂರಕ್ಕಿಂತ ನಿಲ್ಲುವ ದೂರ ಹೆಚ್ಚು. ಇಲ್ಲಿ ಚಾಲಕನ ಚಾತುರ್ಯಕ್ಕೆ ಎಡೆಯೇ ಇಲ್ಲ. ಅವನು ಎಷ್ಟೇ ಎಚ್ಚರದಿಂದಿದ್ದರೂ ಕಂಡ ಮೇಲೆ ನಿಲ್ಲಿಸಲಾರ. ಪ್ರಾಣಿಯ ಪಾಡೂ ಇದಕ್ಕಿಂತ ಮೇಲಲ್ಲ. ಕತ್ತಲಿಗೆ ಹೊಂದಿಕೊಂಡ ಅದರ ಕಣ್ಣಿನ ಮೇಲೆ ತೀಕ್ಷ್ಣವಾದ ಬೆಳಕು ಒಮ್ಮೆಲೇ ಬಿದ್ದಾಗ ಅದಕ್ಕೆ ಏನೂ ಕಾಣದಂತಾಗುತ್ತದೆ. ನಮ್ಮ ಕಣ್ಣೇ ಪೂರ್ತಿಯಾಗಿ ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ. ಜಿಂಕೆ ದಾರಿಯ ನಡುವೆ ಮರದಂತೆ ನಿಂತುಬಿಡುವುದು ದಡ್ಡತನದಿಂದಲ್ಲ.

ಹಾಗಾದರೆ ರಾತ್ರಿಯೂ 40ರ ವೇಗದಲ್ಲಿ ಹೋಗಲು ಬಿಡಬಹುದಲ್ಲವೆ ಎಂದು ಜಾಣನಾದ ವಿದ್ಯಾರ್ಥಿ ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ನಿಲ್ಲುವ ದೂರ 26 ಮೀಟರು, ಕಾಣುವ ದೂರ ಅದಕ್ಕಿಂತ ಹೆಚ್ಚು; ಡಿಕ್ಕಿಯನ್ನು ತಪ್ಪಿಸಬಹುದು. ಆದರೆ ಡಿಕ್ಕಿಯೊಂದೇ ಹಾನಿಯಲ್ಲ. ದಾರಿಯನ್ನು ದಾಟಲಾಗದಿರುವುದೂ ಒಂದು ಹಾನಿ. ಲೆಕ್ಕಕ್ಕೆಂದು, ಎರಡೂ ದಿಕ್ಕುಗಳು ಸೇರಿ ಗಂಟೆಗೆ 360 ವಾಹನಗಳು ಓಡುತ್ತವೆಂದು ಭಾವಿಸೋಣ. ಸರಾಸರಿ ಹತ್ತು ಸೆಕೆಂಡಿಗೊಂದು. ಮರಿಗಳನ್ನು ನಡುವೆ ಇಟ್ಟುಕೊಂಡು ಹೋಗುವ ಆನೆಯ ಹಿಂಡು ನೆಮ್ಮದಿಯಿಂದ ದಾಟಲು ಒಂದು ನಿಮಿಷದ ತೆರಪು ಬೇಕೆನ್ನೋಣ. ವಾಹನಗಳು ಕ್ರಮವಿಲ್ಲದೆ, ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತಿದ್ದರೆ, ಸಂಭವಗಣಿತದ ಪ್ರಕಾರ ಅಂಥ ತೆರಪು ಸುಮಾರು 400ರಲ್ಲಿ ಒಂದು. ಎಂದರೆ ಹಿಂಡು ರಸ್ತೆಯ ಅಂಚಿನಲ್ಲಿ ಗಂಟೆಗಿಂತಲೂ ಹೆಚ್ಚು ಹೊತ್ತು ಕಾದರೆ ಸರಾಸರಿ ಒಂದು ಅವಕಾಶ ಸಿಕ್ಕೀತು. ವಾಹನಗಳು ಮೆಲ್ಲಗೆ ಹೋದ ಮಾತ್ರಕ್ಕೆ ಈ ತೆರಪು ದೊಡ್ಡದಾಗುವುದಿಲ್ಲ. ಗಂಟೆಗೆ ಎಷ್ಟು ವಾಹನಗಳೆಂಬುದು ಕಡಿಮೆಯಾದರೆ ಮಾತ್ರ ದೊಡ್ಡದಾಗುತ್ತದೆ. ಹೀಗೆ ಹಗಲಿಗೆ ವೇಗದ ಮಿತಿ, ರಾತ್ರಿಗೆ ಸಂಚಾರದ ವಿರಾಮ ಎಂಬ ಎರಡು ಕಟ್ಟಳೆಗಳೂ ಬೇರೆಬೇರೆ ಕಾರಣಗಳಿಂದ ಅಗತ್ಯವಾಗುತ್ತವೆ. ಒಂದು ಇನ್ನೊಂದಕ್ಕೆ ಬದಲಿಯಾಗಲಾರದು.

ಇಂಥ ಸಮಸ್ಯೆ ನಮಗೊಬ್ಬರಿಗೇ ಬಂದುದಲ್ಲ. ಕಾಡಿನ ನಡುವೆ ಸ್ವಂತ ಗಾಡಿ ನಡೆಸಿಕೊಂಡು ನಾಡು ನೋಡುವವರು ಲೋಕದ ಇನ್ನೊಂದು ಮಗ್ಗುಲಿನಲ್ಲಿಯೂ ಇದ್ದಾರೆ. ಮೆಕ್ಸಿಕೋ ದೇಶದ ಆಗ್ನೇಯ ಭಾಗವೂ ಅದರ ನೆರೆಯ ಗ್ವಾಟೆಮಾಲ, ಬೆಲೀಜ್‌ಗಳೂ ಮಾಯಾ ಜನರ ನಾಡು. ಅವರ ಪುರಾತನ ನಗರಗಳ ಅವಶೇಷಗಳನ್ನು ನೋಡಲು ಜನ ಬಾಡಿಗೆ ಗಾಡಿ ಹಿಡಿದು ತಾವೇ ನಡೆಸಿಕೊಂಡು ಹೋಗುತ್ತಾರೆ. ಅಲ್ಲಿನ 186ನೆಯ ಹೆದ್ದಾರಿಯು ಕಲಾಕ್ಮುಲ್ ಎಂಬ ಕಾಡಿನ ಮೂಲಕ ಹಾದುಹೋಗುತ್ತದೆ. 1989ರಲ್ಲಿ ರಕ್ಷಿತ ಜೀವಗೋಳವೆಂದು ಘೋಷಿತವಾದಾಗ ಅದರ ವಿಸ್ತಾರ ಸುಮಾರು 7,200 ಚದರ ಕಿಲೋಮೀಟರು. ನಮ್ಮ ಕಾಡಿನಲ್ಲಿ ಹುಲಿ ಇರುವಂತೆ ಅಲ್ಲಿ ಜಾಗ್ವಾರ್ ಇದೆ. ರಾತ್ರಿ ಗಾಡಿ ನಡೆಸಬೇಡಿರೆಂಬುದು ಆ ಪ್ರದೇಶದ ಪ್ರಯಾಣಿಕರಿಗೆ ಕೊಡುವ ಸಾಮಾನ್ಯ ಬುದ್ಧಿವಾದ. ಊರು ಬಂದಲ್ಲೆಲ್ಲ ರಸ್ತೆಗೆ ಅಡ್ಡಲಾಗಿ 'ತೋಪೆ' ಎಂಬ ಉಬ್ಬುಗಳಿರುತ್ತವೆ. ಅವಸರದವನೂ ಅಲ್ಲಿ ನಿಧಾನಿಸಲೇಬೇಕು. ಆ ನಾಡಿನ ಪೂರ್ವಿಕರು ಚಕ್ರದ ಗಾಡಿಯಾಗಲಿ ಎಳೆಯುವ ಪಶುವಾಗಲಿ ಇಲ್ಲದೆ, ಕೋಬಾ ಎಂಬ ನಗರದಿಂದ ಯಾಶೂನಾ ಎಂಬಲ್ಲಿಗೆ ಸುಮಾರು 100 ಕಿಲೋಮೀಟರು ಉದ್ದದ ಬಿಳಿ ಸುಣ್ಣಕಲ್ಲಿನ ದಾರಿ ಕಟ್ಟಿದ್ದರು. ಅದು ಮನುಷ್ಯನ ನಡಿಗೆಯ ವೇಗಕ್ಕೆ ಕಟ್ಟಿದ ದಾರಿ. ದಾರಿಯೆಂಬುದು ಇಂದಿಗೂ ಅಂಥ ಕಾಡುಗಳನ್ನು ಹಾಯುತ್ತದೆ. ಬದಲಾದುದು ಅದರ ಮೇಲೆ ಓಡುವ ವಸ್ತುವಿನ ಚಲನಶಕ್ತಿ.

ರಾತ್ರಿ ನಿಷೇಧದಿಂದ ತೊಂದರೆಯೇ ಇಲ್ಲವೆಂದು ಹೇಳಿದರೆ ಅನ್ಯಾಯವಾಗುತ್ತದೆ. ಗುಂಡ್ಲುಪೇಟೆಯ ಸುತ್ತಿನ ರೈತರು ಬೆಳೆದ ತರಕಾರಿ ಮತ್ತು ಹೂವಿಗೆ ಕೇರಳ ದೊಡ್ಡ ಮಾರುಕಟ್ಟೆ. ಲಾರಿ ಒಂಬತ್ತರೊಳಗೆ ಕಾಡು ದಾಟದಿದ್ದರೆ ಸೊಪ್ಪು ಬಾಡುತ್ತದೆ, ಬೆಲೆ ಇಳಿಯುತ್ತದೆ. ವಯನಾಡಿನ ಜನರಿಗೆ ಮೈಸೂರು ಹತ್ತಿರದ ಪಟ್ಟಣ. ಅವರು ಸುತ್ತುದಾರಿ ಹಿಡಿಯಬೇಕಾಗುತ್ತದೆ. ಇವರ ಕಷ್ಟವನ್ನು ತೂಗಿನೋಡುವುದು ನ್ಯಾಯ. ಶೀತಲಗೃಹಗಳು ಹೆಚ್ಚಿದರೆ, ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮೂಲಕ ಮಾನಂದವಾಡಿಗೆ ಹೋಗುವ ದಾರಿ ಸುಸ್ಥಿತಿಯಲ್ಲಿದ್ದರೆ ಈ ಕಷ್ಟ ಬಹುಮಟ್ಟಿಗೆ ತಗ್ಗುತ್ತದೆ. ಕಾಡಿನ ಮೇಲೆ ಸೇತುವೆಯಂತೆ ಎತ್ತರಿಸಿದ ರಸ್ತೆ ಕಟ್ಟಿ ನಿಷೇಧವನ್ನು ತೆಗೆಯಬಹುದೆಂಬ ಸೂಚನೆ 2018ರಲ್ಲಿ ಬಂದಿತ್ತು. ಆದರೆ ದಾರಿಯ ಕೆಲವು ತುಂಡುಗಳನ್ನಷ್ಟೇ ಎತ್ತರಿಸಿದರೆ ಉಳಿದ ಭಾಗದಲ್ಲಿ ಮೇಲಿನ ಲೆಕ್ಕವೆಲ್ಲ ಹಾಗೆಯೇ ಉಳಿಯುತ್ತದೆ; ಕಟ್ಟುವ ಕಾಲದ ಗದ್ದಲವೂ ಕಾಡಿಗೆ ತಟ್ಟುತ್ತದೆ.

ರೈತನಿಗೆ, ರೋಗಿಗೆ ಇರುವ ಈ ಕಾರಣವು ವಿಹಾರಕ್ಕೆ ಹೊರಟವನಿಗೆ ಇಲ್ಲ. ಅವನು ರಾತ್ರಿ ಒಂಬತ್ತರ ಗೇಟಿನ ಬಳಿ ಗೊಣಗುವುದಕ್ಕೆ ಬದಲಾಗಿ ಮಧ್ಯಾಹ್ನವೇ ಹೊರಡಬಹುದು. ಹಗಲಿನಲ್ಲಿಯೂ ಅವನು ಉಳಿಸುವುದು ಎಷ್ಟು? ಕಾಡಿನ ದಾರಿ 20 ಕಿಲೋಮೀಟರೆಂದುಕೊಂಡರೆ 40ರ ವೇಗದಲ್ಲಿ 30 ನಿಮಿಷ, 80ರ ವೇಗದಲ್ಲಿ 15 ನಿಮಿಷ. ಲಾಭ ಕಾಲುಗಂಟೆ. ಇದಕ್ಕಾಗಿ ಅವನು ಒಂದು ಜೀವವನ್ನೂ ತನ್ನ ಕುಟುಂಬವನ್ನೂ ಪಣಕ್ಕೆ ಒಡ್ಡುತ್ತಾನೆ. ಗಾಡಿಯನ್ನು ನಿಲ್ಲಿಸಿ ಇಳಿಯುವುದೂ ಅಷ್ಟೇ ಅಪಾಯದ್ದು. 2025ರ ಆಗಸ್ಟ್ ತಿಂಗಳಲ್ಲಿ ಬಂಡೀಪುರದ ದಾರಿಯಲ್ಲಿ ಆನೆಯ ಚಿತ್ರ ತೆಗೆಯಹೋದವರೊಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಅವರ ಪ್ರಾಣ ಉಳಿದದ್ದು ಅದೃಷ್ಟ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಏರ್ಪಾಡು ಇದಕ್ಕೆ ಒಳ್ಳೆಯ ಮಾದರಿ. 1,454 ಮೀಟರು ಎತ್ತರದ ಆ ಬೆಟ್ಟಕ್ಕೆ ಖಾಸಗಿ ಗಾಡಿಗಳನ್ನು ಬಿಡುವುದಿಲ್ಲ. ಬುಡದಲ್ಲಿ ಗಾಡಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗಬೇಕು. ಮಂಜು ಕವಿದ ಗುಡಿಯನ್ನು ಕಾಣುವ ಸಂತೋಷಕ್ಕೆ ಅದರಿಂದ ಕುಂದೇನೂ ಬಂದಿಲ್ಲ.

ಹರವೆ, ಗುಂಡ್ಲುಪೇಟೆ, ಚಾಮರಾಜನಗರಗಳ ವಿದ್ಯಾರ್ಥಿಗಳು ಈ ಲೇಖನದ ಲೆಕ್ಕಗಳನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ತಮ್ಮ ಊರಿನ ರಸ್ತೆಯ ಬದಿಯಲ್ಲಿ, ಹೊಲದ ಬದುವಿನಂಥ ಸುರಕ್ಷಿತವಾದ ಜಾಗದಲ್ಲಿ ನಿಂತು, 100 ಮೀಟರು ಅಂತರದ ಎರಡು ಮರಗಳನ್ನು ಗುರುತು ಹಾಕಿಕೊಳ್ಳಲಿ. ಒಂದರಿಂದ ಇನ್ನೊಂದಕ್ಕೆ ಗಾಡಿ ಸಾಗಲು 9 ಸೆಕೆಂಡು ಹಿಡಿದರೆ ಅದರ ವೇಗ ಗಂಟೆಗೆ 40 ಕಿಲೋಮೀಟರು. ನಾಲ್ಕೂವರೆ ಸೆಕೆಂಡು ಹಿಡಿದರೆ 80. ಒಂದು ಗಂಟೆಯಲ್ಲಿ ಎಷ್ಟು ವಾಹನಗಳು ಹೋದವು, ಅವುಗಳ ನಡುವೆ ಒಂದು ನಿಮಿಷದ ತೆರಪು ಎಷ್ಟು ಸಲ ಸಿಕ್ಕಿತು ಎಂಬುದನ್ನೂ ಬರೆದುಕೊಳ್ಳಲಿ. ಪ್ರತಿ ವೇಗಕ್ಕೂ ನಿಲ್ಲುವ ದೂರವನ್ನು ಗುಣಿಸಿ, ಅದರ ನಕ್ಷೆಯನ್ನು ತರಗತಿಯ ಗೋಡೆಗೆ ಹಚ್ಚಲಿ. ಇಂದು ಓದುತ್ತಿರುವ ಇವರೇ ನಾಳೆ ಚಾಲಕನ ಆಸನದಲ್ಲಿ ಕುಳಿತುಕೊಳ್ಳುವವರು. ಪರೀಕ್ಷೆಗೆಂದು ಕಂಠಪಾಠ ಮಾಡಿದ ವೇಗದ ವರ್ಗವು ಗುಂಡ್ಲುಪೇಟೆಯ ಆಚೆಗೆ, ಕಾಡಿನ ಮೊದಲ ಫಲಕ ಕಂಡಾಗ ಅವರ ನೆನಪಿಗೆ ಬಂದು ಕಾಲನ್ನು ಸಡಿಲಿಸುವಂತೆ ಮಾಡಿದರೆ, ಭೌತಶಾಸ್ತ್ರ ಕಲಿಸಿದವರ ಶ್ರಮ ಸಾರ್ಥಕವಾದಂತೆ.