ಚಪ್ಪಾಳೆ ಸಾಕು, ಹೆಸರು ಹೇಳಿ

ಅಭಿಮಾನಿ ಎಂಬ ಮಾತು ನಮ್ಮಲ್ಲಿ ಅಗ್ಗವಾಗಿದೆ. ಕಟೌಟಿಗೆ ಹಾಲು ಸುರಿದವನೂ ಅಭಿಮಾನಿ, ಕಲಾವಿದನಿಗೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡವನೂ ಅಭಿಮಾನಿ. ನಾವು ಕೇಳುವುದು ಇಷ್ಟೇ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಬಯಲಲ್ಲಿ ರಾತ್ರಿಯೆಲ್ಲ ಹಾಡಿ, ಕುಣಿದು, ನಗಿಸಿ, ಬೆಳಗಾಗುತ್ತಲೇ ಗಂಟುಮೂಟೆ ಕಟ್ಟಿ ಹೋದವರ ಮೇಲೆ ನಮಗಿರುವುದು ಎಂಥ ಅಭಿಮಾನ?

ಸಂಗ್ಯಾ-ಬಾಳ್ಯಾ ಆಟವನ್ನೇ ನೋಡಿ. ಬೈಲಹೊಂಗಲ ಸೀಮೆಯಲ್ಲಿ ನಡೆದ ಕಥೆಯೆಂದೂ ಪತ್ತಾರ ಮಾಸ್ತರರು ಕಟ್ಟಿದ ಆಟವೆಂದೂ ಜನ ಹೇಳುತ್ತ ಬಂದಿದ್ದಾರೆ. ದೊಡ್ಡಾಟದಲ್ಲಿ ಕಿರೀಟ ಹೊತ್ತ ರಾಜರು, ದೇವರು. ಈ ಸಣ್ಣಾಟದಲ್ಲಿ ಓಣಿಯ ಮಂದಿ. ರೊಕ್ಕದ ಸೊಕ್ಕಿನ ಸಂಗ್ಯಾ, ಗೆಳೆತನ ಮಾರಿಕೊಂಡ ಬಾಳ್ಯಾ, ಮತ್ತೊಬ್ಬನ ಹೆಂಡತಿ ಗಂಗಿ. ಆಸೆ, ಸಂಶಯ, ಕೊಲೆ ಎಲ್ಲ ನಮ್ಮ ಆಡುಮಾತಿನಲ್ಲೇ. ಕಿರೀಟದ ಹಂಗಿಲ್ಲದೆ ನಮ್ಮ ಬಾಳೂ ಆಟವಾದೀತೆಂದು ತೋರಿಸಿದ್ದೇ ಇದರ ಬಂಡಾಯ.

ಘೋಡಗೇರಿಯ ಚಂದ್ರಶೇಖರ ಕಂಬಾರರು ಇಂಥ ಆಟಗಳ ನಡುವೆ ಬೆಳೆದವರು. ಸಂಗ್ಯಾ-ಬಾಳ್ಯಾವನ್ನು ಸಂಪಾದಿಸಿ ಅಚ್ಚಿಗೆ ತಂದವರು. ೧೯೭೨ರಲ್ಲಿ ಅವರ ‘ಜೋಕುಮಾರಸ್ವಾಮಿ’ ಬಯಲಾಟದ ಮೈಕಟ್ಟಿನಲ್ಲೇ ಎದ್ದು ಬಂತು. ನೋಡಿದವನು ಮಾಡುವವನಾಗುವುದೇ ಅಭಿಮಾನ. ಅದರ ಬಗ್ಗೆ ನಮ್ಮ ತಕರಾರಿಲ್ಲ. ತಕರಾರು ಇರುವುದು ಪೇಟೆಯ ರಸಿಕರ ಮೇಲೆ. ಕಲಾಕ್ಷೇತ್ರದಲ್ಲಿ ಕಂಡರೆ ‘ಜಾನಪದ ಸೊಗಡು’ ಎನ್ನುವ ಬಾಯಿ, ಅದೇ ಆಟ ಮಾದರ ಓಣಿಯ ಮುಂದೆ ನಡೆದರೆ ‘ಪೋಲಿ ಆಟ’ ಎನ್ನುತ್ತದೆ. ಸಣ್ಣಾಟಕ್ಕೆ ದಪ್ಪಿನಾಟ ಅಂತಲೂ ಹೆಸರೈತಿ. ದಪ್ಪಿಗೆ ತೊಗಲು ಬೇಕು. ಆ ತೊಗಲು ಹದ ಮಾಡಿದ ಕೈ ಯಾರದು? ಸದ್ದು ಬೇಕು, ಕೈ ಮಾತ್ರ ಮೈಲಿಗೆ!

ಇದು ಹೊಸ ರೋಗವಲ್ಲ. ೧೮೨೪ರ ಕಿತ್ತೂರ ಕಾಳಗವನ್ನು, ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನನ್ನು ಪಠ್ಯಪುಸ್ತಕಕ್ಕಿಂತ ಮೊದಲೇ ಊರೂರಿಗೆ ಹೊತ್ತವರು ಲಾವಣಿಕಾರರು. ಅವರ ಹಾಡುಗಳನ್ನು ಅಚ್ಚು ಹಾಕಿಸಿದ ಇಂಗ್ಲಿಷ್ ಅಧಿಕಾರಿ ಫ್ಲೀಟ್ ಸಾಹೇಬನ ಹೆಸರು ವಿದ್ವಾಂಸರಿಗೆಲ್ಲ ಗೊತ್ತು. ಹಾಡಿದವರ ಹೆಸರು?

ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರ (೧೯೧೪–೨೦೧೭) ಹೆಸರು ಉಳಿಯಿತು. ಹೆಣ್ಣುಪಾತ್ರದಿಂದ ಬಸವಣ್ಣನವರೆಗೆ ಬಾಳೆಲ್ಲ ರಂಗಕ್ಕೆ ಸವೆಸಿದವರು, ಉಳಿಯಲೇಬೇಕಾದ ಹೆಸರು. ಆದರೆ ಗಂಗಿಯ ವೇಷ ಹಾಕಿದ ಹೆಣ್ಣುಮಕ್ಕಳನ್ನು ಯಾರು ನೆನೆದರು? ಗಂಡು ಹೆಣ್ಣಾಗಿ ಕುಣಿದರೆ ಕಲೆ. ಹೆಣ್ಣೇ ಕುಣಿದರೆ ಊರು ಅವಳ ನಡತೆಯ ಲೆಕ್ಕ ಕೇಳುತ್ತದೆ.

ಎಲ್ಲಮ್ಮನ ಗುಡ್ಡದಲ್ಲಿ ಚೌಡಿಕಿ ಹಿಡಿದು ಹಾಡುವ ಜೋಗತಿಯರ ಮಾತೂ ಅಷ್ಟೇ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ, ಕಾಳವ್ವ ಜೋಗತಿಯವರ ಬೆನ್ನುಹತ್ತಿ ಕಲಿತು, ೨೦೧೯ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. ೨೦೨೧ರಲ್ಲಿ ಪದ್ಮಶ್ರೀ ಪಡೆದರು. ಹೆಮ್ಮೆಯೇ. ಆದರೆ ಒಬ್ಬರ ಕೊರಳಿಗೆ ಪದಕ ಬಿದ್ದರೆ ಉಳಿದವರ ಹೊಟ್ಟೆ ತುಂಬುವುದಿಲ್ಲ. ದೇವದಾಸಿ ಬಿಡುವುದನ್ನು ನಿಷೇಧಿಸುವ ಕಾಯ್ದೆ ಬಂದದ್ದು ೧೯೮೨ರಲ್ಲಿ. ಹಾಡಿಗೆ ತಲೆದೂಗುತ್ತ, ಆ ಹಾಡಿನ ಹಿಂದೆ ಬಡವರ ಹೆಣ್ಣುಮಗಳ ಕೊರಳಿಗೆ ಬಿದ್ದ ಮುತ್ತನ್ನು ನೋಡದವನು ಅಭಿಮಾನಿಯಲ್ಲ, ಪಾಲುದಾರ. ಚೌಡಿಕಿ ಉಳಿಯಲಿ, ಮುತ್ತು ಕಟ್ಟುವುದು ಅಳಿಯಲಿ.

ಗೆಳೆಯರೇ, ಹಳ್ಳಿಯ ಮಾಸ್ತರರೇ, ಬರೀ ಹೊಗಳಿಕೆ ಬ್ಯಾಡ್ರಿ. ನಿಮ್ಮೂರ ಮೇಳದವರ ಹೆಸರು, ಓಣಿ, ಅವರು ಕಲಿತ ಗುರುವಿನ ಹೆಸರು ಬರೆದಿಡಿ. ಸಾಲಿಯ ಗ್ಯಾದರಿಂಗಿಗೆ ಅವರನ್ನೇ ಕರೆಯಿರಿ. ಕೂಲಿ ಕೊಟ್ಟು ಕರೆಯಿರಿ, ಪಂಕ್ತಿಯಲ್ಲಿ ಸಂಗಡ ಕೂತು ಉಣ್ಣಿರಿ. ವಿದ್ಯಾರ್ಥಿಗಳೇ, ಅವರಿಂದ ಮಟ್ಟು ಕಲಿತು ರಾಮದುರ್ಗದ ನೇಕಾರನ ಸಾಲದ ಮೇಲೆ, ಬಡ್ಡಿಕುಳಗಳ ಮೇಲೆ ಹೊಸ ಸಣ್ಣಾಟ ಕಟ್ಟಿರಿ. ಹೊಸ ಆಟದ ಹ್ಯಾಂಡಬಿಲ್ಲಿನಲ್ಲಿ ಮೊದಲ ಹೆಸರು ಕಲಿಸಿದವರದಿರಲಿ, ಕೊನೆಯದು ನಿಮ್ಮದು.