ಹಳಿ ಹೋದರೂ ನೆಲ ಹೋಗಬಾರದು

ರಜೆಯ ದಿನ ಸೈಕಲ್ಲು ಹತ್ತಿ, ಮೋಟಾರಿನ ಕಾಟವಿಲ್ಲದ ದಾರಿಯಲ್ಲಿ, ಗಡಿಯಾರ ನೋಡದೆ ಊರಾಚೆ ಹೋಗಿಬರುವುದು ಉಳ್ಳವರ ಖಯಾಲಿ ಎಂದು ನಮ್ಮ ಸಂಗಾತಿಗಳಲ್ಲೇ ಹಲವರು ನಗುವುದುಂಟು. ಗಿರಣಿಯ ಕೆಲಸಗಾರನಿಗೆ ಸೈಕಲ್ಲೆಂದರೆ ಪಾಳಿಯ ಹೊತ್ತಿಗೆ ಗೇಟು ಮುಟ್ಟಿಸುವ ವಾಹನ. ಚಿಲ್ಲರೆ ವ್ಯಾಪಾರಿಗೆ ಅದು ಮೂಟೆ ಹೇರುವ ಬಂಡಿ. ಅದರ ಮೇಲೆ ಕೂತು ಸುಮ್ಮನೆ ಸುತ್ತಾಡುವುದೆಂದರೆ ನಗು ಬರುವುದು ಸಹಜವೇ. ಆದರೆ ಈ ನಗುವಿನಿಂದ ಲಾಭ ಯಾರಿಗೆ? ದುಡಿಯುವವನಿಗೆ ದುಡಿಮೆ ಇದ್ದರೆ ಸಾಕು, ವಿರಾಮವೇಕೆ ಎಂಬ ಮಾತನ್ನು ಮೊದಲು ಆಡಿದವನು ಧಣಿ. ಆ ಮಾತನ್ನೇ ನಾವೂ ಆಡಿದರೆ ಧಣಿಗೆ ಸಂಬಳವಿಲ್ಲದ ಗುಮಾಸ್ತರಾದಂತೆ.

ಇಂಥ ಒಂದು ದಿನದ ವಿಹಾರಕ್ಕೆ ಬೇಕಾದುದು ಮೂರು: ಬಿಡುವು, ಸೈಕಲ್ಲು, ದಾರಿ. ಮೂರರಲ್ಲಿ ಒಂದೂ ಆಕಾಶದಿಂದ ಉದುರಿದ್ದಲ್ಲ.

ಮೊದಲು ಬಿಡುವಿನ ಮಾತು. ಫ್ರಾನ್ಸಿನ ಕೆಲಸಗಾರರಿಗೆ ವರ್ಷಕ್ಕೆ ಎರಡು ವಾರ ಸಂಬಳದ ರಜೆ ಸಿಕ್ಕಿದ್ದು 1936ರ ಜೂನ್ ತಿಂಗಳಲ್ಲಿ, ಲಕ್ಷಾಂತರ ಜನ ಕಾರ್ಖಾನೆಗಳಲ್ಲೇ ಕೂತು ಮುಷ್ಕರ ಹೂಡಿದ ಮೇಲೆ. ಆ ಬೇಸಿಗೆಯಲ್ಲಿ ಕೆಲಸಗಾರರು ಹೆಂಡತಿಯನ್ನು ಜೋಡಿ ಸೀಟಿನ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹಳ್ಳಿಗಾಡಿಗೂ ಕಡಲ ದಂಡೆಗೂ ಹೊರಟರು. ವಿರಾಮದ ಖಾತೆ ವಹಿಸಿದ್ದ ಲಿಯೊ ಲಗ್ರಾಂಜನನ್ನು ವಿರೋಧಿಗಳು ಸೋಮಾರಿತನದ ಮಂತ್ರಿ ಎಂದು ಹಂಗಿಸಿದರು. ಇಂಗ್ಲೆಂಡಿನಲ್ಲಿ ಸಂಬಳದ ರಜೆಗೆ ಕಾಯಿದೆ ದಾರಿ ಮಾಡಿದ್ದು 1938ರಲ್ಲಿ. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆ, ವರ್ಷದಲ್ಲಿ 240 ದಿನ ದುಡಿದವನಿಗೆ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆ ಎಂದು ಬರೆಯಿತು. ಚಿಕ್ಕ ಅಂಗಡಿಕಾರನಿಗೆ ಇಂಥ ಕಾಯಿದೆಯೂ ಇಲ್ಲ. ಅವನು ಬಾಗಿಲೆಳೆದ ದಿನ ಅವನಿಗೆ ರಜೆ. ಆ ದಿನದ ವ್ಯಾಪಾರ ನಷ್ಟ.

ಎರಡನೆಯದು ಸೈಕಲ್ಲು. ಅದು ಅಗ್ಗವಾದ ದಿನದಿಂದ ಶ್ರಮಜೀವಿಯ ಕುದುರೆಯಾಯಿತು. 1894ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ‘ಕ್ಲಾರಿಯನ್’ ಎಂಬ ಸಮಾಜವಾದಿ ವಾರಪತ್ರಿಕೆಯ ಕೆಲವು ಓದುಗರು ಸೇರಿ ಸೈಕಲ್ ಸಂಘ ಕಟ್ಟಿದರು. ವಾರದ ಬಿಡುವಿನಲ್ಲಿ ಹಳ್ಳಿಗಳಿಗೆ ಸವಾರಿ. ಹೋದಲ್ಲಿ ಪತ್ರಿಕೆ ಮಾರುವುದು, ಕರಪತ್ರ ಹಂಚುವುದು, ಮರದ ಕೆಳಗೆ ಸಭೆ ಕೂಡಿಸುವುದು. ವಿಹಾರವೂ ಆಯಿತು, ಪ್ರಚಾರವೂ ಆಯಿತು. ಸಂಘ ಬೇಗನೆ ಊರೂರಿಗೆ ಹಬ್ಬಿತು. ಸೈಕಲ್ ವಿಹಾರ ದೊರೆಗಳ ಆಟ ಎನ್ನುವವರು ಈ ಚರಿತ್ರೆಯನ್ನು ಓದಿಕೊಳ್ಳಲಿ.

ಮೂರನೆಯದು ದಾರಿ. ಅತ್ಯಂತ ಕಷ್ಟದಿಂದ ಸಿಕ್ಕಿದ್ದೂ ಅದೇ, ಈಗ ಕಳೆದುಹೋಗುವ ಅಪಾಯದಲ್ಲಿರುವುದೂ ಅದೇ. ನಮ್ಮ ವಾದವೆಲ್ಲ ಅದರ ಬಗ್ಗೆ.

ದಾರಿ ಯಾರದು?

ಈ ದಾರಿಯ ಕಥೆಗೂ ನಾವು ಇಂಗ್ಲೆಂಡಿಗೇ ಹೋಗಬೇಕು. ಹತ್ತಿಯ ಗಿರಣಿ ದೊಡ್ಡದಾಗಿ ಬೆಳೆದದ್ದು ಅಲ್ಲಿ, ಉಗಿಬಂಡಿ ಹುಟ್ಟಿದ್ದು ಅಲ್ಲಿ, ಸಾವಿರಾರು ಮೈಲಿ ರೈಲು ಹಾದಿಯನ್ನು ಒಂದೇ ತಲೆಮಾರಿನಲ್ಲಿ ಮುಚ್ಚಿದ್ದೂ ಅಲ್ಲಿ.

ಮ್ಯಾಂಚೆಸ್ಟರ್, ಶೆಫೀಲ್ಡ್ ನಗರಗಳ ನಡುವೆ ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡು ಇದೆ. ಎರಡೂ ಕಡೆ ಹೊಗೆ ಕುಡಿಯುವ ಕೆಲಸಗಾರರ ಕೇರಿಗಳು. ನಡುವೆ ಕಣ್ಣಿಗೆ ಕಾಣುವ ಹಸಿರು ಬೆಟ್ಟ. ಆದರೆ ಅದು ಜಮೀನುದಾರರ ಹಕ್ಕಿ ಬೇಟೆಯ ಜಾಗ, ಕಾಲಿಡುವ ಹಾಗಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಯುವಕರು ಬೇಕೆಂದೇ ಕಿಂಡರ್ ಸ್ಕೌಟ್ ಬೆಟ್ಟ ಹತ್ತಿದರು. ಮುಂದಾಳು ಬೆನ್ನಿ ರಾಥ್‌ಮನ್‌ಗೆ ಆಗ ಇಪ್ಪತ್ತು ವರ್ಷ. ರೈಲು ನಿಲ್ದಾಣದಲ್ಲಿ ಪೊಲೀಸರು ಕಾದಿದ್ದಾರೆಂದು ಅವನು ಅಲ್ಲಿಗೆ ಹೋದದ್ದು ಸೈಕಲ್ಲಿನ ಮೇಲೆ. ಐದು ಮಂದಿಗೆ ಎರಡರಿಂದ ಆರು ತಿಂಗಳ ಸೆರೆಯಾಯಿತು. ಜನರ ಕೂಗು ಅಡಗಲಿಲ್ಲ. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂತು. 1951ರಲ್ಲಿ ಅದೇ ಪೀಕ್ ಡಿಸ್ಟ್ರಿಕ್ಟ್ ಆ ದೇಶದ ಮೊದಲನೆಯ ರಾಷ್ಟ್ರೀಯ ಉದ್ಯಾನವಾಯಿತು.

ಆಮೇಲೆ ಆ ಗುಡ್ಡಗಳ ನಡುವಿನ ರೈಲು ಹಾದಿಗಳು ಒಂದೊಂದಾಗಿ ಮುಚ್ಚಿದಾಗ, ಉದ್ಯಾನದ ಆಡಳಿತ ಮಂಡಲಿ ನೆಲವನ್ನು ಕೊಂಡು ಜನರಿಗೆ ತೆರೆಯಿತು. ಟಿಸ್ಸಿಂಗ್ಟನ್ ಹಾದಿ, 13 ಮೈಲಿ, 1971ರಲ್ಲಿ ತೆರೆಯಿತು. 1968ರಲ್ಲಿ ನಿಂತ ಇನ್ನೊಂದು ರೈಲು ದಾರಿ 1980ರಲ್ಲಿ ಮಂಡಲಿಯ ಕೈಗೆ ಬಂದು ಮೊನ್ಸಾಲ್ ಹಾದಿಯಾಯಿತು. ಅದರ ನಾಲ್ಕು ದೊಡ್ಡ ಸುರಂಗಗಳು, ಒಂದೊಂದೂ ಸುಮಾರು 400 ಮೀಟರು, ಬೀಗ ಹಾಕಿ ಬಿದ್ದಿದ್ದವು. 2011ರಲ್ಲಿ ದುರಸ್ತಿಯಾಗಿ, ದೀಪ ಹಾಕಿಸಿಕೊಂಡು, ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದವು.

ರೈಲಿನ ಹಾದಿಯೇ ಏಕೆ ಬೇಕು ಎಂದು ಕೇಳಬಹುದು. ಕಬ್ಬಿಣದ ಗಾಲಿ ಕಬ್ಬಿಣದ ಹಳಿಯ ಮೇಲೆ ಕಡಿದಾದ ಏರನ್ನು ಹತ್ತಲಾರದು. ಆದ್ದರಿಂದ ರೈಲು ದಾರಿ ಕಟ್ಟುವವರು ಗುಡ್ಡ ಬಂದಲ್ಲಿ ಕೊರೆದರು, ತಗ್ಗು ಬಂದಲ್ಲಿ ಮಣ್ಣು ಪೇರಿಸಿದರು, ಹೊಳೆ ಬಂದಲ್ಲಿ ಕಮಾನು ಕಟ್ಟಿದರು. ಸಾವಿರಾರು ಕೂಲಿಗಳು ಗುದ್ದಲಿ ಸನಿಕೆ ಹಿಡಿದು ವರ್ಷಗಟ್ಟಲೆ ದುಡಿದು ಬೆಟ್ಟದ ಸೀಮೆಯನ್ನು ಅಂಗೈಯಷ್ಟು ಸಮ ಮಾಡಿಟ್ಟರು. ಅದರ ಮೇಲೆ ಏಳು ವರ್ಷದ ಮಗುವೂ ಅರವತ್ತರ ಮುದುಕಿಯೂ ಉಬ್ಬಸವಿಲ್ಲದೆ ಸೈಕಲ್ಲು ತುಳಿಯಬಲ್ಲರು. ಹಿಂದಿನಿಂದ ಲಾರಿಯ ಹಾರನ್ ಇಲ್ಲ, ಎದುರಿಗೆ ಬಸ್ಸಿಲ್ಲ. ಇಂಥ ದಾರಿಯನ್ನು ಇವತ್ತು ಹೊಸದಾಗಿ ಕಟ್ಟಲು ಹೊರಟರೆ ಯಾವ ಸರಕಾರದ ಬೊಕ್ಕಸವೂ ಸಾಲದು. ಸತ್ತ ಕೂಲಿಗಾರರ ಬೆವರು ನೆಲದಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ವಾರಸುದಾರರು ಯಾರು?

ಆ ಮೊನ್ಸಾಲ್ ಹಾದಿಯ ಪಕ್ಕದ ಕಣಿವೆಯಲ್ಲಿ ಲಿಟನ್ ಎಂಬ ಹತ್ತಿ ಗಿರಣಿಯಿತ್ತು. ಲಂಡನ್ನಿನ ಅನಾಥಾಲಯದಿಂದ ಏಳರ ವಯಸ್ಸಿನಲ್ಲಿ ಗಿರಣಿಗೆ ಸಾಗಿಸಲ್ಪಟ್ಟ ರಾಬರ್ಟ್ ಬ್ಲಿಂಕೊ ಎಂಬ ಹುಡುಗ ಕೊನೆಗೆ ಬಂದು ಬಿದ್ದದ್ದು ಇಲ್ಲಿ. ಹೊಡೆತ, ಹಸಿವು, ಮುಗಿಯದ ದುಡಿಮೆ. 1832ರಲ್ಲಿ ಪುಸ್ತಕವಾಗಿ ಬಂದ ಅವನ ಜೀವನ ಕಥೆ, ಗಿರಣಿಯ ಮಕ್ಕಳ ದುಡಿಮೆಯನ್ನು ಕಾಯಿದೆಯಿಂದ ತಡೆಯಬೇಕೆಂದು ಹೋರಾಡುತ್ತಿದ್ದವರ ಕೈಗೆ ಆಯುಧವಾಯಿತು. ಅವನಿಗೆ ರಜೆ ಇರಲಿಲ್ಲ, ದಾರಿ ಇರಲಿಲ್ಲ, ಬಾಲ್ಯವೂ ಇರಲಿಲ್ಲ. ಈಗ ಅದೇ ಕಣಿವೆಯಲ್ಲಿ ಭಾನುವಾರ ಮಕ್ಕಳು ಗಂಟೆ ಬಾರಿಸುತ್ತ ಸೈಕಲ್ಲು ಬಿಡುತ್ತವೆ. ಇದನ್ನು ಖಯಾಲಿ ಎನ್ನುವ ನಾಲಿಗೆ ನಮ್ಮದಲ್ಲ. ಇದು ಇನ್ನೂರು ವರ್ಷದ ಹೋರಾಟ ಗಳಿಸಿದ ಆಸ್ತಿ.

ಕಿತ್ತವರು ಯಾರು?

ಇಷ್ಟು ಹೇಳಿ ಬಿಟ್ಟರೆ ಅರ್ಧ ಸತ್ಯವಾಗುತ್ತದೆ. ಹಾದಿ ಸೈಕಲ್ಲಿಗೆ ಬಂತೆಂದರೆ ಅಲ್ಲಿ ರೈಲು ಹೋಯಿತು ಎಂದರ್ಥ. ಕಿತ್ತವರು ಯಾರು?

ಬ್ರಿಟನ್ನಿನ ರೈಲು 1948ರ ಜನವರಿ 1ರಿಂದ ರಾಷ್ಟ್ರದ ಸ್ವತ್ತು. ಅದರ ನಷ್ಟ ತಗ್ಗಿಸಲೆಂದು ರಸಾಯನ ಕಂಪೆನಿಯೊಂದರಿಂದ ಡಾಕ್ಟರ್ ಬೀಚಿಂಗ್ ಎಂಬವರನ್ನು ವರ್ಷಕ್ಕೆ 24,000 ಪೌಂಡ್ ಸಂಬಳ ಕೊಟ್ಟು ಕರೆತಂದರು. ಪ್ರಧಾನಿಗೂ ಅಷ್ಟು ಸಂಬಳ ಇರಲಿಲ್ಲ! 1963ರ ಮಾರ್ಚಿನಲ್ಲಿ ಆತ ಕೊಟ್ಟ ವರದಿ 2,363 ನಿಲ್ದಾಣಗಳನ್ನೂ ಸುಮಾರು 5,000 ಮೈಲಿ ಹಾದಿಯನ್ನೂ ಮುಚ್ಚಬೇಕೆಂದು ಹೇಳಿತು. ಯಾವ ದಾರಿಯಲ್ಲಿ ಎಷ್ಟು ಜನ ಓಡಾಡುತ್ತಾರೆಂದು ಲೆಕ್ಕ ಹಾಕಿದ್ದು 1961ರ ಏಪ್ರಿಲಿನ ಒಂದೇ ವಾರ. ಕಡಲ ತೀರದ ಊರುಗಳಿಗೆ ಕೆಲಸಗಾರರು ಸಂಸಾರ ಸಮೇತ ಹೋಗುವುದು ಬೇಸಿಗೆಯ ರಜೆಯಲ್ಲಿ. ಜಾತ್ರೆಗೆ ಮೂರು ತಿಂಗಳು ಮೊದಲು ಬಂದು ರಥಬೀದಿ ಖಾಲಿ ಇದೆ, ತೇರು ಬೇಡ ಎಂದ ಹಾಗಾಯಿತು ಈ ಲೆಕ್ಕ.

ಆಗಿನ ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ರಸ್ತೆ ಕಟ್ಟುವ ಕಂಪೆನಿಯ ಸ್ಥಾಪಕರಲ್ಲಿ ಒಬ್ಬ. 1960ರಲ್ಲಿ ಪಾರ್ಲಿಮೆಂಟಿನಲ್ಲಿ ಎದ್ದುನಿಂತು ತನ್ನ ಪಾಲನ್ನು ಮಾರುವುದಾಗಿ ಹೇಳಬೇಕಾಗಿ ಬಂತು. ರೈಲಿಗೆ ಕತ್ತರಿ ಹಿಡಿದವನೂ ಮೋಟಾರು ಹೆದ್ದಾರಿಗೆ ಹೂವಿನ ಹಾರ ಹಿಡಿದವನೂ ಒಬ್ಬನೇ. ಕಾರಿದ್ದವನಿಗೆ ಹೆದ್ದಾರಿ ಬಂತು, ಕಾರಿಲ್ಲದವನಿಗೆ ಮುಚ್ಚಿದ ನಿಲ್ದಾಣ ಉಳಿಯಿತು. ಮುಲಾಜಿಲ್ಲದೆ ಇನ್ನೊಂದನ್ನೂ ಹೇಳುತ್ತೇವೆ. 1964ರ ಚುನಾವಣೆಯಲ್ಲಿ ದೊಡ್ಡ ಮುಚ್ಚುವಿಕೆಗಳನ್ನು ನಿಲ್ಲಿಸುತ್ತೇವೆಂದು ಮಾತು ಕೊಟ್ಟ ಲೇಬರ್ ಪಕ್ಷ ಅಧಿಕಾರಕ್ಕೆ ಬಂದ ಮೇಲೂ ಮುಚ್ಚುವುದು ನಿಲ್ಲಲಿಲ್ಲ. ನಮ್ಮವರೆಂದು ನಾವು ಬಾಯಿ ಮುಚ್ಚಿಕೊಂಡಿರಲಾರೆವು.

ಹಳಿ ಕಿತ್ತ ಮೇಲೆ ಎರಡನೆಯ ಅನ್ಯಾಯ ನಡೆಯಿತು. ಹಲವು ಕಡೆ ನೆಲವನ್ನು ತುಂಡು ತುಂಡಾಗಿ ಮಾರಿದರು. ಇಲ್ಲೊಂದು ಸೇತುವೆ ಕೆಡವಿದರು, ಅಲ್ಲೊಂದು ಮನೆ ಎದ್ದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರೈಲು ಹಾದಿಯ ನೆಲ ಬೇರೆ ನೆಲದ ಹಾಗಲ್ಲ. ಇಪ್ಪತ್ತು ಮೈಲಿ ಉದ್ದ, ನಾಲ್ಕು ಮಾರು ಅಗಲ. ನಡುವೆ ಅರ್ಧ ಎಕರೆ ಮಾರಿದರೆ ಇಪ್ಪತ್ತು ಮೈಲಿಯೂ ಹೋದಂತೆ. ಸೇದುವ ಹಗ್ಗವನ್ನು ಒಂದೇ ಕಡೆ ಕತ್ತರಿಸಿದರೆ ಬಾವಿಯಿಂದ ನೀರು ಬರುತ್ತದೆಯೆ?

ದಯೆಯ ದಾರಿ, ಹಕ್ಕಿನ ದಾರಿ

ನೆಲ ಒಮ್ಮೆ ಕೈಬಿಟ್ಟರೆ ಏನಾಗುತ್ತದೆಂಬುದಕ್ಕೆ ಐರ್ಲೆಂಡ್ ಸಾಕ್ಷಿ. ಅದರ ಪಶ್ಚಿಮ ತೀರದ ವೆಸ್ಟ್‌ಪೋರ್ಟ್–ಅಕಿಲ್ ರೈಲು 1937ರಲ್ಲಿ ನಿಂತಿತು. 2010–11ರಲ್ಲಿ ಅಲ್ಲಿ 42 ಕಿಲೋಮೀಟರಿನ ಸುಂದರವಾದ ಸೈಕಲ್ ದಾರಿ ತೆರೆಯುವ ಹೊತ್ತಿಗೆ ನೆಲ ಖಾಸಗಿಯವರದಾಗಿತ್ತು. ರೈತರು ದೊಡ್ಡ ಮನಸ್ಸಿನಿಂದ ತಮ್ಮ ಹೊಲದ ಮೂಲಕ ಹೋಗಲು ಒಪ್ಪಿಗೆ ಕೊಟ್ಟರು. ಅವರಿಗೆ ನಮ್ಮ ನಮಸ್ಕಾರ. ಆದರೆ ಒಪ್ಪಿಗೆಯ ಮೇಲೆ ನಿಂತ ದಾರಿ ಒಪ್ಪಿಗೆ ಇರುವ ತನಕ ಮಾತ್ರ.

ಬಂಡವಾಳದ ತವರಾದ ಅಮೆರಿಕ ಕೂಡ 1983ರಲ್ಲಿ ಒಂದು ಜಾಣ ಕಾಯಿದೆ ಮಾಡಿತು. ಓಡಾಟ ನಿಂತ ರೈಲು ಹಾದಿಯನ್ನು ಮುಂದೆ ಬೇಕಾದೀತೆಂದು ಒಡೆಯದೆ ಕಾದಿಡುವುದು, ಅಲ್ಲಿಯ ತನಕ ಜನರ ಓಡಾಟಕ್ಕೆ ಬಿಡುವುದು. ಆದರೆ ಹಾಗೆ ಕಾದಿಡದೆ ಬಿಟ್ಟ ದಾರಿಗಳ ಗತಿಯೇನು? 2014ರಲ್ಲಿ ವ್ಯೋಮಿಂಗ್ ಪ್ರಾಂತದ ಒಂದು ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, 1875ರ ಕಾಯಿದೆಯಂತೆ ಪಡೆದ ರೈಲು ಹಾದಿಯ ಹಕ್ಕು ರೈಲು ಬಿಟ್ಟುಹೋದೊಡನೆ ಮುಗಿಯಿತು, ನೆಲ ಜಮೀನಿನವನಿಗೆ ಸೇರಿತು ಎಂದು ತೀರ್ಪು ಕೊಟ್ಟಿತು.

ಜನರ ಕೈಯಲ್ಲಿ ಇರುವ ದಾರಿಗೂ ಕಾವಲು ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಿಂದ ಬಾತ್ ಊರಿಗೆ ಸುಮಾರು 13 ಮೈಲಿ ಹಳೆಯ ರೈಲು ಹಾದಿಯನ್ನು 1979ರಿಂದ 1986ರ ವರೆಗೆ ಸ್ವಯಂಸೇವಕರು ಮೈಬಗ್ಗಿಸಿ ದುಡಿದು ಸೈಕಲ್ ದಾರಿ ಮಾಡಿದರು. 2008ರಲ್ಲಿ ಅದರ ಒಂದು ಭಾಗವನ್ನು ಬಸ್ಸಿನ ದಾರಿಯಾಗಿ ಮಾಡುವ ಯೋಜನೆ ಬಂತು. ಜನ ಎದ್ದುನಿಂತರು, ಯೋಜನೆ ಬಿತ್ತು. ತಮ್ಮ ಕೈಯಿಂದ ಕಟ್ಟಿದ್ದನ್ನು ಜನ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಕಾದಿಟ್ಟ ನೆಲಕ್ಕೆ ರೈಲೇ ಮರಳಿ ಬರುವುದೂ ಉಂಟು. ಸ್ಕಾಟ್‌ಲೆಂಡಿನಲ್ಲಿ 1969ರ ಜನವರಿಯಲ್ಲಿ ಮುಚ್ಚಿದ ಎಡಿನ್‌ಬರೋ–ಕಾರ್ಲೈಲ್ ದಾರಿಯ ಒಂದು ಭಾಗದಲ್ಲಿ, ಸುಮಾರು 30 ಮೈಲಿ, 2015ರ ಸೆಪ್ಟೆಂಬರಿನಲ್ಲಿ ಮತ್ತೆ ರೈಲು ಓಡಿತು. ಆದ್ದರಿಂದ ನಮ್ಮ ಮಾತು ಸ್ಪಷ್ಟವಾಗಿರಲಿ. ರೈಲು ಕಿತ್ತು ಸೈಕಲ್ ದಾರಿ ಕೊಟ್ಟೆವು, ಋಣ ತೀರಿತು ಎನ್ನುವ ಆಳುವವರನ್ನು ನಾವು ಒಪ್ಪುವುದಿಲ್ಲ. ಮುಚ್ಚಿದ ಮೇಲೆ ದಾರಿ ಬೇಡ, ನೆಲ ಹರಾಜಾಗಲಿ ಎನ್ನುವವರನ್ನು ಮೊದಲೇ ಒಪ್ಪುವುದಿಲ್ಲ. ಸೈಕಲ್ ದಾರಿ ಎಂದರೆ ಸಾರ್ವಜನಿಕ ನೆಲಕ್ಕೆ ಜನ ಕೂರಿಸಿದ ಕಾವಲು.

ಚಿಕ್ಕ ವ್ಯಾಪಾರಿಗಳಿಗೂ ಒಂದು ಮಾತು. ಹೆದ್ದಾರಿಯಲ್ಲಿ ಕಾರು ನಿಮ್ಮ ಅಂಗಡಿಯ ಮುಂದೆ ಧೂಳೆಬ್ಬಿಸಿ ಹೋಗುತ್ತದೆ. ಸೈಕಲ್ಲಿನವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ಗಾಲಿ ಪಂಕ್ಚರ್ ಆಗುತ್ತದೆ. ಅವನು ಇಳಿದೇ ಇಳಿಯುತ್ತಾನೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ವೇಡ್‌ಬ್ರಿಜ್ ಎಂಬ ಪುಟ್ಟ ಊರಿನಲ್ಲಿ ಹಳೆಯ ರೈಲು ಹಾದಿಯನ್ನು ನೆಚ್ಚಿ ಸೈಕಲ್ ಬಾಡಿಗೆಯ ಅಂಗಡಿಗಳೇ ನಡೆಯುತ್ತವೆ.

ಇದರಲ್ಲಿ ನಮಗೇನು ಎಂದು ಕೇಳುವವರಿಗೆ ಇದು ನಮ್ಮ ಉತ್ತರ. ನಮ್ಮ ಕರ್ನಾಟಕದಲ್ಲೂ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬರುವಾಗ ತಿರುವುಗಳನ್ನು ನೇರ ಮಾಡಿ ಬಿಟ್ಟ ಹಳೆಯ ದಿಬ್ಬಗಳು ಉಳಿದಿವೆ. 2005ರಲ್ಲಿ ರೈಲ್ವೆ ಕಾಯಿದೆಗೆ ತಿದ್ದುಪಡಿ ತಂದು, ರೈಲ್ವೆಯ ಖಾಲಿ ನೆಲವನ್ನು ವ್ಯಾಪಾರಕ್ಕೆ ಬಳಸಿ ಹಣ ಎಬ್ಬಿಸಲು ಒಂದು ಪ್ರಾಧಿಕಾರವನ್ನೇ ಕಟ್ಟಿದ್ದಾರೆ. ಖಾಲಿ ಎಂದರೆ ಯಾರ ಕಣ್ಣಿಗೆ ಖಾಲಿ? ಕಟ್ಟಡದ ಗುತ್ತಿಗೆದಾರನ ಕಣ್ಣಿಗೆ ಅದು ಖಾಲಿ. ಪಾಳಿ ಮುಗಿಸಿದ ಕೆಲಸಗಾರನ ಕಣ್ಣಿಗೆ ಅದು ದಾರಿ.

ನಮ್ಮ ಬೇಡಿಕೆ ಮೂರು. ಓಡಾಟ ನಿಂತ ರೈಲು ಹಾದಿಯ ನೆಲವನ್ನು ತುಂಡು ಮಾಡಿ ಮಾರಕೂಡದು, ದೀರ್ಘ ಗುತ್ತಿಗೆಗೂ ಕೊಡಕೂಡದು. ರೈಲು ಮತ್ತೆ ಓಡಬಹುದಾದಲ್ಲಿ ರೈಲೇ ಮೊದಲು. ಅದು ಬರುವ ತನಕ ನಡೆಯುವವರಿಗೂ ಸೈಕಲ್ಲಿನವರಿಗೂ ಸುಂಕವಿಲ್ಲದೆ ತೆರೆದಿಡಬೇಕು. ಆ ದಾರಿಯ ಬದಿಯ ಚಹಾದ ಅಂಗಡಿ, ಪಂಕ್ಚರ್ ಅಂಗಡಿ ಆಯಾ ಊರಿನ ಬಡ ವ್ಯಾಪಾರಿಗೆ ಸಿಗಬೇಕು, ದೊಡ್ಡ ಕಂಪೆನಿಯ ಗುತ್ತಿಗೆಗೆ ಹೋಗಬಾರದು.

ಹಳಿಯನ್ನು ಮತ್ತೆ ಹಾಸಬಹುದು. ಮಾರಿದ ನೆಲವನ್ನು ಮರಳಿ ತರುವುದು ಸುಲಭವಲ್ಲ. ನಿಮ್ಮ ಊರ ಹತ್ತಿರ ಹಾಗೆ ಬಿದ್ದಿರುವ ದಿಬ್ಬವೊಂದಿದ್ದರೆ ಅದರ ಸರ್ವೆ ನಂಬರು ಹುಡುಕಿ ಇಟ್ಟುಕೊಳ್ಳಿ, ಪಂಚಾಯತಿ ಸಭೆಯಲ್ಲಿ ಪ್ರಶ್ನೆ ಎತ್ತಿ. ಹರಾಜಿನ ತಮಟೆ ಬಾರಿಸಿದ ಮೇಲೆ ಎದ್ದರೆ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.