ಉತ್ತರಭಾಗದ ಅತಿಮಾನುಷನೂ ನಮ್ಮ ಸೀಮೆಯ ಹೊನ್ನೂ

ಪೂರ್ವಭಾಗವು ಜನಾದರಣೆಯನ್ನು ಪಡೆದ ಮೇಲೆ ಉತ್ತರಭಾಗವನ್ನು ರಚಿಸುವ ಪದ್ಧತಿಯು ನಮ್ಮ ದೇಶದಲ್ಲಿ ಹೊಸದಲ್ಲ. ‘ಮಹಾವೀರಚರಿತ’ವನ್ನು ಬರೆದ ಭವಭೂತಿಯೇ ‘ಉತ್ತರರಾಮಚರಿತ’ವನ್ನೂ ಬರೆದನು, ಬಾಣನು ಅರ್ಧಕ್ಕೆ ಬಿಟ್ಟುಹೋದ ‘ಕಾದಂಬರಿ’ಯನ್ನು ಅವನ ಮಗನು ಪೂರ್ತಿಗೊಳಿಸಿದನು. ಆದುದರಿಂದ ಚಲಚ್ಚಿತ್ರದವರು ಎರಡನೆಯ ಅಧ್ಯಾಯವನ್ನು ತೆಗೆದರೆಂದು ನಾವು ಹುಬ್ಬು ಗಂಟಿಕ್ಕಬೇಕಾದುದಿಲ್ಲ. ಈ ತಿಂಗಳು ನಾವು ವಾಚಕರ ಮುಂದಿಡುವ ವಿಷಯವು 2018ರ ಡಿಸೆಂಬರಿನಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರದ ಉತ್ತರಭಾಗ. 2022ರ ಏಪ್ರಿಲ್ 14ರಂದು ಇದು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಹೊರಬಂದಿತು. ಆ ವರ್ಷದ ಉತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ವರ್ಷಗಳು ಕಳೆದರೂ ನಮ್ಮ ಸಿಂಧನೂರಿನ ಹುಡುಗರ ಬಾಯಲ್ಲಿ ಅದರ ಮಾತುಗಳು ಇನ್ನೂ ಆಡುತ್ತಲಿವೆ.

ಮೊದಲು ಮೆಚ್ಚಿಗೆಯನ್ನು ಹೇಳಿಬಿಡುವುದು ನ್ಯಾಯ. ನಿರ್ದೇಶಕರಾದ ಪ್ರಶಾಂತ್ ನೀಲರು ಪ್ರೇಕ್ಷಕನನ್ನು ಆಸನದಿಂದ ಏಳಗೊಡುವುದಿಲ್ಲ. ಯಶ್ ಅವರ ನಡಿಗೆ, ಸಂಜಯ ದತ್ತರ ಅಧೀರನ ಭೀಕರ ವೇಷ, ರವಿ ಬಸ್ರೂರರ ವಾದ್ಯಘೋಷ, ಇವೆಲ್ಲವೂ ಕೂಡಿ ವೀರಾದ್ಭುತಗಳ ಒಂದು ದೊಡ್ಡ ಜಾತ್ರೆಯೇ ಆಗಿದೆ. ಹಿಂದೆ ಮುಂಬಯಿಯ ಚಿತ್ರಗಳನ್ನು ಕನ್ನಡಿಗರು ಬಾಯಿಬಿಟ್ಟು ನೋಡುತ್ತಿದ್ದರಷ್ಟೆ. ಈಗ ಮುಂಬಯಿಯವರೇ ಕನ್ನಡ ಚಿತ್ರವನ್ನು ಹಾಗೆ ನೋಡಿದುದು ನಮಗೂ ಸಂತೋಷವೇ.

ಇನ್ನು ಸಂಭವಾಸಂಭವಗಳ ವಿಚಾರ. ಕಥಾನಾಯಕನಾದ ರಾಕಿಯು ಗುಂಡೇಟು ತಿಂದೂ ಎದ್ದುನಿಲ್ಲುವನು. ಒಬ್ಬನೇ ಯಂತ್ರಬಂದೂಕವನ್ನಿಟ್ಟುಕೊಂಡು ಪೊಲೀಸ್ ಠಾಣೆಯನ್ನು ಜರಡಿ ಮಾಡಿ, ಕಾದು ಕೆಂಪಾದ ಅದರ ನಳಿಗೆಯಿಂದಲೇ ಸಿಗರೇಟು ಹೊತ್ತಿಸಿಕೊಳ್ಳುವನು. ಪಾರ್ಲಿಮೆಂಟಿನೊಳಕ್ಕೆ ನಡೆದು ಪ್ರಧಾನಮಂತ್ರಿಣಿಯ ಕಣ್ಣೆದುರಿಗೇ ಒಬ್ಬನನ್ನು ಕೊಂದು ಹೊರಟುಹೋಗುವನು. ಕಥೆಯ ಕಾಲವಾದರೋ 1981ರ ಆಸುಪಾಸು. ನಿಜವಾದ ಕೋಲಾರದ ಗಣಿಗಳು ಆಗ ಕೇಂದ್ರ ಸರ್ಕಾರದ ಕಂಪನಿಯ ಕೈಯಲ್ಲಿದ್ದು, ಅಲ್ಲಿ ಹಾಜರಿ ಪುಸ್ತಕ, ಸಂಬಳದ ಚೀಟಿ, ಕಾರ್ಮಿಕ ಸಂಘಗಳಿದ್ದವೇ ಹೊರತು ಸುಲ್ತಾನನಾರೂ ಇರಲಿಲ್ಲ.

ಒಂಬತ್ತನೆಯ ಶತಮಾನದ ಆನಂದವರ್ಧನನು ಈ ವಿಷಯದಲ್ಲಿ ಖಂಡಿತವಾದ ಮಾತನ್ನು ಹೇಳಿದ್ದಾನೆ. ಬರಿಯ ಮನುಷ್ಯನಾದ ಅರಸನು ಏಳು ಸಮುದ್ರಗಳನ್ನು ದಾಟಿದನೆಂದರೆ, ವರ್ಣನೆಯು ಎಷ್ಟು ಸೊಗಸಾಗಿದ್ದರೂ ಅದು ನೀರಸವೇ ಸರಿ, ಏಕೆಂದರೆ ಅದರಲ್ಲಿ ಔಚಿತ್ಯವಿಲ್ಲವೆಂಬುದು ಅವನ ಅಭಿಪ್ರಾಯ. ಹನುಮಂತನು ಕಡಲನ್ನು ಹಾರಿದರೆ ನಮಗೆ ಸಂಶಯವಾಗದು, ಅವನು ವಾಯುಪುತ್ರನು. ರಾಕಿಗೆ ದೈವಜನ್ಮವೂ ಇಲ್ಲ, ವರವೂ ಇಲ್ಲ. ಇರುವುದು ಗಡ್ಡ ಮಾತ್ರ.

ಇದಕ್ಕೆ ಪ್ರತಿಯಾಗಿ ನಮ್ಮ ಮನೆಯ ಹುಡುಗನೊಬ್ಬನು ಜಾಣತನದ ಸಮಾಧಾನವನ್ನು ಕೊಟ್ಟನು: “ಅಜ್ಜಾ, ಇದು ನಡೆದದ್ದಲ್ಲ, ಪುಸ್ತಕ ಬರೆದವರು ಹೇಳುವ ಕಥೆ, ಹೇಳುವವರು ಹೆಚ್ಚಿಸಿಯೇ ಹೇಳುತ್ತಾರಲ್ಲವೇ?” ಮಾತು ಸತ್ಯ. ಮೀಮಾಂಸಕರು ಇಂತಹ ಅತಿಶಯೋಕ್ತಿಗೆ ಅರ್ಥವಾದವೆಂದು ಹೆಸರಿಟ್ಟರು. ಅದನ್ನು ಅಕ್ಷರಶಃ ನಂಬಬೇಕಾದುದಿಲ್ಲ. ಅದು ಯಾವ ವಿಧಿಯನ್ನು ಸ್ತುತಿಸುವುದೋ ಅದನ್ನು ಗ್ರಹಿಸಿದರೆ ಸಾಕು. ಸಿಗರೇಟಿನ ಲೆಕ್ಕವನ್ನು ಹೀಗೆ ಚುಕ್ತಾ ಮಾಡಬಹುದು. ಆದರೆ ಈ ಅರ್ಥವಾದದ ಹಿಂದಿರುವ ವಿಧಿ ಯಾವುದು? ತಾಯಿಯು ಸಾಯುವಾಗ ಮಗನಿಂದ ಭಾಷೆ ತೆಗೆದುಕೊಳ್ಳುವಳು: ಹೇಗೆ ಬಾಳಿದರೂ ಸರಿ, ಸಾಯುವಾಗ ಧನಿಕನೂ ಬಲಶಾಲಿಯೂ ಆಗಿ ಸಾಯಬೇಕೆಂದು. ಕೊನೆಗೆ ಅವನು ಹಡಗು ತುಂಬ ಚಿನ್ನದೊಡನೆ ಸಮುದ್ರದ ಪಾಲಾಗುವನು. ಬಡತನದಲ್ಲಿ ಬೆಂದ ತಾಯಿಯ ಬಾಯಲ್ಲಿ ಆ ಮಾತು ಬಂದುದು ಆಶ್ಚರ್ಯವಲ್ಲ. ಆದರೆ ಗಂಡಾಗಲಿ ಹೆಣ್ಣಾಗಲಿ ಮನೆಯ ಮಕ್ಕಳು ಕಂಠಪಾಠ ಮಾಡಿಕೊಳ್ಳುವುದು ಆ ವಿಧಿಯನ್ನೇ ಅಲ್ಲವೇ? ನಮಗೆ ಚಿಂತೆಯನ್ನು ತಂದಿರುವುದು ಬಂದೂಕವಲ್ಲ, ಇದು.

ಚಿನ್ನದ ಮಾತು ಬಂದುದರಿಂದ ಒಂದು ಲೆಕ್ಕವನ್ನು ಮಾಡಿ ನೋಡೋಣ. ಮೇಷ್ಟರ ಅಭ್ಯಾಸವು ಬಿಡುವುದಿಲ್ಲ. ಒಂಬತ್ತು ಅಂಗುಲ ಉದ್ದ, ನಾಲ್ಕೂವರೆ ಅಗಲ, ಮೂರು ದಪ್ಪವಿರುವ ಸಾಮಾನ್ಯ ಇಟ್ಟಿಗೆಯನ್ನು ಚಿನ್ನದಿಂದ ಮಾಡಿದರೆ ಅದರ ತೂಕವು 38 ಕಿಲೋ ದಾಟುವುದು. ಒಂದು ಟನ್ನು ಕಲ್ಲಿಗೆ ನಾಲ್ಕು ಗ್ರಾಂ ಹೊನ್ನು ಸಿಕ್ಕಿತೆಂದು ಹಿಡಿದರೆ, ಆ ಒಂದು ಇಟ್ಟಿಗೆಗಾಗಿ ಒಂಬತ್ತೂವರೆ ಸಾವಿರ ಟನ್ ಕಲ್ಲನ್ನು ಒಡೆದು, ಮೇಲಕ್ಕೆತ್ತಿ, ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಕರಗಿಸಬೇಕು. ಹತ್ತು ಟನ್ನಿನ ಲಾರಿಗಳಾದರೆ 950! ಹಡಗು ತುಂಬಲು ಎಷ್ಟು ಬೆಟ್ಟಗಳು ಬೇಕೆಂಬುದನ್ನು ಮಕ್ಕಳೇ ಗುಣಿಸಿಕೊಳ್ಳಲಿ.

ಈ ಕೆಲಸವು ನಮ್ಮ ನೆರೆಯಲ್ಲಿಯೇ ನಡೆಯುತ್ತಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ 1947ರಲ್ಲಿ ಹೈದರಾಬಾದ್ ಚಿನ್ನದ ಗಣಿಗಳ ಕಂಪನಿಯಾಗಿ ಹುಟ್ಟಿದ ಸಂಸ್ಥೆಯು ಇಂದು ಹಟ್ಟಿ ಚಿನ್ನದ ಗಣಿಯೆಂದು ಹೆಸರಾಗಿದೆ. ಅಲ್ಲಿಯ ನೆಲದಡಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗಣಿಗಳ ಕುರುಹುಗಳು ಸಿಕ್ಕಿವೆ. ಆ ಹಳೆಯ ಜನರು ಮದ್ದುಗುಂಡುಗಳಿಲ್ಲದೆ, ಬಂಡೆಯನ್ನು ಬೆಂಕಿಯಿಂದ ಕಾಯಿಸಿ, ನೀರೆರಚಿ ಸೀಳಿ, ಆರುನೂರು ಅಡಿಗಳಿಗೂ ಹೆಚ್ಚು ಆಳಕ್ಕೆ ಇಳಿದಿದ್ದರು. ಕೋಲಾರದಲ್ಲಿಯಾದರೋ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವ ಹೊತ್ತಿಗೆ ಆಳವು ಮೂರು ಕಿಲೋಮೀಟರನ್ನು ಮೀರಿತ್ತು. ಸುಡುವ ಬಂಡೆಯ ನಡುವೆ, ಯಾವಾಗ ಕಲ್ಲು ಸಿಡಿಯುವುದೋ ಎಂಬ ಭಯದಲ್ಲಿ ತಲೆಮಾರುಗಳು ದುಡಿದವು. ಗಣಿ ನಿಂತಾಗ ಸಾವಿರಾರು ಸಂಸಾರಗಳ ಅನ್ನವು ನಿಂತಿತು. ಅದ್ಭುತರಸಕ್ಕೆ ಇದಕ್ಕಿಂತ ಸಾಮಗ್ರಿ ಬೇಕೆ? ಚಿತ್ರದಲ್ಲಿಯಾದರೋ ಕೂಲಿಕಾರರು ಮೊದಲ ಅಧ್ಯಾಯದಲ್ಲಿ ಗುಲಾಮರು, ಎರಡನೆಯದರಲ್ಲಿ ನಾಯಕನ ಭಕ್ತರು. ತಮ್ಮ ಕೈಯ ಕೆಲಸಕ್ಕಾಗಿ ಅವರಿಗೆ ಚಪ್ಪಾಳೆ ಎಲ್ಲಿಯೂ ಇಲ್ಲ. ನಮ್ಮ ಮೊದಲನೆಯ ಆಕ್ಷೇಪಕ್ಕಿಂತ ಇದು ದೊಡ್ಡದು: ಒಬ್ಬನನ್ನು ಅತಿಮಾನುಷನನ್ನಾಗಿ ಮಾಡುವುದಕ್ಕಾಗಿ ಸಾವಿರ ಮಂದಿಯನ್ನು ಅಲ್ಪರನ್ನಾಗಿಸುವುದು.

ಮಸ್ಕಿಯ ಬಂಡೆಯನ್ನು ನೋಡದ ವಾಚಕರು ನಮ್ಮ ಸೀಮೆಯಲ್ಲಿ ಇನ್ನೂ ಬಹಳ ಮಂದಿಯಿದ್ದಾರೆ. 1915ರಲ್ಲಿ ಅದನ್ನು ಕಂಡುಹಿಡಿದವನು ಬೀಡನ್ ಎಂಬ ಚಿನ್ನದ ಗಣಿಗಳ ಎಂಜಿನಿಯರನೇ. ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದು ಆ ಶಾಸನದಲ್ಲಿದ್ದ ಹೆಸರಿನಿಂದ ಜಗತ್ತಿಗೆ ಸ್ಥಿರಪಟ್ಟಿತು. ದೊಡ್ಡ ಸೈನ್ಯಗಳ ಒಡೆಯನಾದ ಆ ಚಕ್ರವರ್ತಿಯು ಅಲ್ಲಿ ತನ್ನ ಪರಾಕ್ರಮವನ್ನು ಕೊರೆಯಿಸಲಿಲ್ಲ. ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲವನ್ನು ಪಡೆಯಬಲ್ಲನು, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬಾರದೆಂಬುದೇ ಅದರ ತಾತ್ಪರ್ಯ.

ಚಿತ್ರದ ಅಂತ್ಯದಲ್ಲಿ ಮೂರನೆಯ ಅಧ್ಯಾಯದ ಸುಳಿವು ಇದೆ. ಅದು ಬಂದರೆ ಮಕ್ಕಳು ನೋಡದೆ ಬಿಡುವುದಿಲ್ಲ. ತಡೆಯಿರೆಂದು ನಾವೂ ಹೇಳುವುದಿಲ್ಲ. ಗೃಹಸ್ಥರು ತಾವೂ ಜತೆಗೆ ಕುಳಿತು ನೋಡಿ, ನಗಬೇಕಾದಲ್ಲಿ ನಕ್ಕು, ಒಂದು ರಜೆಯ ದಿನ ಅವರನ್ನು ಮಸ್ಕಿಯ ಬೆಟ್ಟಕ್ಕೆ ಕರೆದೊಯ್ಯಲಿ. ಹಟ್ಟಿಯ ಗಣಿಯಲ್ಲಿ ದುಡಿದ ಹಿರಿಯರು ಬಂಧುಗಳಲ್ಲಿ ಇದ್ದರೆ, ಪಾಳಿ ಮುಗಿಸಿ ಮೇಲಕ್ಕೆ ಬಂದಾಗ ಕಣ್ಣಿಗೆ ಬೆಳಕು ಹೇಗೆ ಕಾಣುತ್ತಿತ್ತೆಂದು ಮಕ್ಕಳಿಂದಲೇ ಕೇಳಿಸಲಿ.